ರಾಹೇಲಳಿಗೊಂದು ಇಳಕಲ್ ಸೀರೆ

ಹೊಸ ಇಳಕಲ್ ಸೀರೆಯ ಮಡಿಕೆ ಬಿಚ್ಚಿದಾಗ ಒಂದು ವಾಸನೆ ಏಳುತ್ತದೆ. ಗಂಜಿಯದೆನ್ನಬೇಕೋ ಬಣ್ಣದ್ದೆನ್ನಬೇಕೋ ತಿಳಿಯದು. ಎರಡೂ ಕೂಡಿ ಬಿಸಿಲಲ್ಲಿ ಒಣಗಿದ ವಾಸನೆ. ನಿಮ್ಮ ಮನೆಯಲ್ಲಿ ಅಂಥ ಸೀರೆ ಉಡುವ ಅಜ್ಜಿಯೋ ಸೋದರತ್ತೆಯೋ ಇದ್ದಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮೊನ್ನೆ ತಂಗಿಯ ಮಗಳ ಕುಬಸಕ್ಕೆ, ಸೀಮಂತವೆನ್ನುತ್ತಾರಲ್ಲ ಅದಕ್ಕೆ, ಸೀರೆ ತರಲೆಂದು ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗಿದ್ದೆ. ಅಮೀನಗಡದಲ್ಲಿ ಬಸ್ಸು ನಿಂತಾಗ, ಸಕ್ಕರೆ ಕಾಯಿಲೆಯವಳು ಮುಟ್ಟಬಾರದ ಕರದಂಟನ್ನು ಮೊಮ್ಮಕ್ಕಳ ಹೆಸರಿನಲ್ಲಿ ಕೊಂಡು, ಹುನಗುಂದ ಬರುವುದರೊಳಗೆ ಮೊಮ್ಮಕ್ಕಳ ಪಾಲಿನಲ್ಲಿ ಅರ್ಧವನ್ನು ನಾನೇ ಮುಗಿಸಿದ್ದೆ. ಅಂಗಡಿಯವನು ದಾಳಿಂಬೆ ಬಣ್ಣದ ಸೆರಗಿನ ಸೀರೆಯೊಂದನ್ನು ನನ್ನ ಮುಂದೆ ಝಾಡಿಸಿ ಹರವಿದ. "ಕೈಮಗ್ಗದ್ದು ನೋಡ್ರಿ ಅಕ್ಕಾರ. ಕೊಂಡಿ ಮುಟ್ಟಿ ನೋಡ್ರಿ ಬೇಕಾದ್ರ" ಎಂದ. ಮುಟ್ಟಿದೆ. ಆ ವಾಸನೆ ಬಂತು. ಅಂಗಡಿಯವನು ಬೆಲೆ ಹೇಳುತ್ತಿದ್ದ. ನಾನು ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿದ್ದೆ, ಮಗ್ಗದ ಪಕ್ಕದಲ್ಲಿ, ಚನ್ನವ್ವನ ಜೊತೆಗೆ.

ಚನ್ನವ್ವ ಎಂದೊಡನೆ ನಮ್ಮ ಕಡೆಯ ಹೆಂಗಸೊಬ್ಬಳನ್ನು ನೀವು ಕಲ್ಪಿಸಿಕೊಂಡಿದ್ದರೆ ತಪ್ಪು ನಿಮ್ಮದಲ್ಲ, ನಮ್ಮವ್ವನದು. ಆಕೆಯ ನಿಜವಾದ ಹೆಸರು ಹಾನಾ. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ ಹೆಂಗಸು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸ್ವೀಡನ್ನಿನಲ್ಲಿ ಬೆಳೆದು, ಅಲ್ಲಿಯ ವಸ್ತುಸಂಗ್ರಹಾಲಯವೊಂದರಲ್ಲಿ ಹಳೆಯ ಬಟ್ಟೆಗಳನ್ನು ಕಾಪಾಡುವ ಕೆಲಸದಲ್ಲಿದ್ದಳು. ಇಳಕಲ್ ಸೀರೆಗೆ ಸೆರಗು ಜೋಡಿಸುವ ಬಗೆಯನ್ನು ಕಲಿಯಬೇಕೆಂದು ಒಂದು ಆಷಾಢದಲ್ಲಿ ನಮ್ಮ ಓಣಿಗೆ ಬಂದಳು. ನಮ್ಮ ಸೀರೆಯಲ್ಲಿ ಮೈಯ ನೂಲು ಬೇರೆ, ಸೆರಗಿನ ನೂಲು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ಅದು ಹೆಂಗಸರ ಕೆಲಸ. ಆ ಸುತ್ತಿನಲ್ಲಿ ಅವ್ವ ಚೆನ್ನಾಗಿ ಮಾಡುತ್ತಾಳೆಂದು ಯಾರೋ ಹೇಳಿದ್ದರು. ಬಾಡಿಗೆ ಕೋಣೆ ನೋಡಿಕೊಡಿ ಎಂದು ಆಕೆ ಕೇಳಿದರೆ ಅಪ್ಪ, "ಇಷ್ಟು ದೊಡ್ಡ ಮನಿ ಐತಿ, ಮತ್ತೆಲ್ಲಿ ಹೋಗ್ತೀರಿ?" ಎಂದುಬಿಟ್ಟ. ದೊಡ್ಡ ಮನೆಯೆಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ನೂಲಿನ ಮೂಟೆಗಳನ್ನಿಟ್ಟ ಒಂದು ಕೋಣೆ. ಮೂಟೆಗಳು ಪಡಸಾಲೆಗೆ ಬಂದವು, ಹಾನಾ ಕೋಣೆಗೆ ಹೋದಳು.

ನಾನು ಆಗಷ್ಟೇ ಬಿ.ಎ. ಮುಗಿಸಿ, ಒಂದು ಕಡೆ ವರಗಳ ಕಡೆಯವರಿಗೆ ಅವಲಕ್ಕಿ ಕೊಡುತ್ತ, ಇನ್ನೊಂದು ಕಡೆ ನೌಕರಿಗೆ ಅರ್ಜಿ ಹಾಕುತ್ತ ಇದ್ದವಳು. ಓಣಿಯಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ ಎಂಬ ಗುಮಾನಿ ಜನರಿಗಿತ್ತು, ನನಗೂ ಇತ್ತು. ಹಾನಾ ಬಂದ ದಿನವೇ ಅದು ಇಳಿಯಿತು. ಆಂಗ್ಲ ಪದ್ಯವೊಂದರ ಸಾರಾಂಶವನ್ನು ಕಣ್ಣುಮುಚ್ಚಿ ಬರೆಯಬಲ್ಲವಳಿಗೆ ಮಗ್ಗದ ಲಾಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಗೊತ್ತಿರಲಿಲ್ಲ. ಕೊನೆಗೆ ಕೈ ತೋರಿಸಿ, ತಲೆಯಾಡಿಸಿ, ನಕ್ಕು, ನಾವು ಮೂವರೂ ಒಂದು ಭಾಷೆ ಮಾಡಿಕೊಂಡೆವು. ಅವ್ವನ ನಾಲಿಗೆಗೆ ಹಾನಾ ಎಂಬುದು ಒಗ್ಗಲಿಲ್ಲ. ಮೊದಲ ವಾರ ಹನ್ನವ್ವ ಎಂದಳು. ಓಣಿಯ ಹೆಂಗಸರು ಅದನ್ನು ಚನ್ನವ್ವ ಮಾಡಿದರು. ಆಕೆಗೂ ಅದು ಹಿಡಿಸಿತು. ಕರೆದರೆ "ಓ" ಎನ್ನುತ್ತಿದ್ದಳು. ಐವತ್ತು ದಾಟಿದ್ದ ಆಕೆಯನ್ನು ಏಕವಚನದಲ್ಲಿ ಹೇಳುತ್ತಿದ್ದೇನೆಂದು ಬೇಸರಿಸಬೇಡಿ. ಈಗ ನಾನು ಆಕೆಯ ಅಂದಿನ ವಯಸ್ಸಿಗಿಂತ ದೊಡ್ಡವಳು, ಮೇಲಾಗಿ ಆಕೆ ನಮ್ಮ ಮನೆಯವಳು.

ಊಟಕ್ಕೆ ಕೂತರೆ ರೊಟ್ಟಿಯ ತುಣುಕೊಂದೂ ಆಕೆಯ ತಾಟಿನಲ್ಲಿ ಉಳಿಯುತ್ತಿರಲಿಲ್ಲ. ನೆಲಕ್ಕೆ ಬಿದ್ದ ಹಿಟ್ಟಿನ ಪುಡಿಯನ್ನೂ ಬೆರಳಿಗೆ ಹತ್ತಿಸಿಕೊಳ್ಳುತ್ತಿದ್ದಳು. ಇದು ಅವ್ವನಿಗೆ ಬಹಳ ಸೇರಿತು. "ನೋಡಿ ಕಲಿ. ಪಾಪ, ಅಷ್ಟು ಓದ್ಯಾಳ, ಅನ್ನದ ಬೆಲಿ ಗೊತ್ತೈತಿ" ಎಂದು ನನ್ನನ್ನು ತಿವಿಯುತ್ತಿದ್ದಳು. ಅದರ ಹಿಂದೆ ಏನಿದೆಯೆಂದು ನಮಗೆ ತಿಳಿದದ್ದು ಆಗಸ್ಟ್ ತಿಂಗಳಲ್ಲಿ.

ನಮ್ಮ ಮನೆಯ ಹಿಂದೆ ಕನ್ನಡ ಸಾಲೆಯ ಬಯಲು. ಸ್ವಾತಂತ್ರ್ಯ ದಿನದ ಕವಾಯತಿಗೆ ಮಕ್ಕಳನ್ನು ತಯಾರು ಮಾಡುತ್ತಿದ್ದರು. ಆ ದಿನ ನಾನು ಮತ್ತು ಹಾನಾ ಸಂತೆಯಿಂದ ಕಾಯಿಪಲ್ಲೆ ಹಿಡಿದುಕೊಂಡು ಬರುತ್ತಿದ್ದೆವು. ಮಾಸ್ತರು ಸೀಟಿ ಊದಿದರು. ಮಕ್ಕಳು ಸಾಲಾಗಿ ನಿಂತರು. ಮಾಸ್ತರು ಒಬ್ಬೊಬ್ಬರ ತಲೆಯ ಮೇಲೆ ಕೈಯಿಟ್ಟು, ಎತ್ತರದವರನ್ನು ಬಲಕ್ಕೆ, ಗಿಡ್ಡರನ್ನು ಎಡಕ್ಕೆ ಕಳಿಸತೊಡಗಿದರು. ಮುಂದೆ ಯಾರು, ಹಿಂದೆ ಯಾರು ಎಂಬ ಲೆಕ್ಕ, ಅಷ್ಟೇ. ನಾನು ಮಾತಾಡುತ್ತ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದರೆ ಹಾನಾ ಪಕ್ಕದಲ್ಲಿಲ್ಲ. ಚೀಲ ದಾರಿಯಲ್ಲಿ ಬಿದ್ದಿತ್ತು, ಬದನೆಕಾಯಿ ಉರುಳಿದ್ದವು. ಆಕೆ ಬಯಲಿನೊಳಗೆ ಹೋಗಿ, ಎಡಗಡೆಯ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕದಾಗಿದ್ದ ಹುಡುಗಿಯೊಂದರ ಕೈ ಹಿಡಿದು ನಿಂತುಬಿಟ್ಟಿದ್ದಳು.

ಮಕ್ಕಳು ಕಿಸಕ್ಕೆಂದು ನಕ್ಕರು. ಮಾಸ್ತರು ಸೀಟಿ ಬಾಯಿಂದ ತೆಗೆದು, "ಬಾಯಾರ, ಏನಾತ್ರಿ? ಯಾರರೆ ಏನರೆ ಅಂದ್ರೇನು?" ಎಂದು ಗಾಬರಿಯಿಂದ ಕೇಳಿದರು. ಹಾನಾ ಅವರನ್ನು ನೋಡುತ್ತಿದ್ದಳು, ಆದರೆ ಕಾಣುತ್ತಿದ್ದದ್ದು ಬೇರೆ ಯಾರೋ. ನಾನು ಓಡಿ ಹೋಗಿ ಭುಜ ಮುಟ್ಟಿದೆ. ಮೈ ಬಿಗಿದ ಹಗ್ಗದ ಹಾಗಿತ್ತು. ಆ ಪುಟ್ಟ ಹುಡುಗಿಗೆ ಏನನ್ನಿಸಿತೋ, ತಾನೇ ಆಕೆಯ ಕೈ ಹಿಡಿದು ನಮ್ಮ ಮನೆಯ ಬಾಗಿಲವರೆಗೂ ಬಿಟ್ಟು ಹೋಯಿತು.

ಅವ್ವ ಕಾಲಿಗೆ ನೀರು ಕೊಟ್ಟಳು, ಚಹಾ ಮಾಡಿಕೊಟ್ಟಳು, ಮಗ್ಗದ ಪಕ್ಕದ ಚಾಪೆಯ ಮೇಲೆ ತನ್ನ ಜೊತೆ ಕೂರಿಸಿಕೊಂಡು ಅರ್ಧಕ್ಕೆ ಬಿಟ್ಟಿದ್ದ ಕೊಂಡಿಯ ಕೆಲಸ ಮುಂದುವರಿಸಿದಳು. ಬಹಳ ಹೊತ್ತಿನ ಮೇಲೆ ಹಾನಾಳ ಕೈಯೂ ಎಳೆಗಳಿಗೆ ಬಂತು. ಮತ್ತಷ್ಟು ಹೊತ್ತಿನ ಮೇಲೆ ಮಾತು ಬಂತು. ಆಕೆ ಹೇಳುತ್ತ ಹೋದಳು, ನಾನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಅಷ್ಟು ಕಷ್ಟದ ಕೆಲಸವನ್ನು ಮುಂದೆ ಮೂವತ್ತು ವರ್ಷ ಮಾಸ್ತರಿಕೆ ಮಾಡಿದರೂ ನಾನು ಮಾಡಲಿಲ್ಲ.

ಮೊದಲ ಶಬ್ದಕ್ಕೇ ಮುಗ್ಗರಿಸಿದೆ. ಘೆಟ್ಟೊ ಎಂದಳು. ಯಹೂದಿಗಳನ್ನೆಲ್ಲ ಒಂದೆಡೆ ಹಾಕಿದ ಜಾಗ. ನಾನು "ಕೇರಿ" ಎಂದೆ.

"ಕೇರಿ ಅಂದ್ರ ನಮ್ಮೂರ ಹೊರಗೈತಲಾ, ಅಂಥಾದ್ದೇನು?" ಎಂದು ಅವ್ವ ಕೇಳಿದಳು.

"ಅಂಥಾದ್ದ. ಆದ್ರ ಸುತ್ತ ತಂತಿ ಬೇಲಿ, ಬಂದೂಕಿನ ಕಾವಲು. ಹೊರಗ ಬಂದ್ರ ಗುಂಡು ಹಾಕ್ತಿದ್ರಂತ."

"ಇವ್ರು ಏನ್ ತಪ್ಪ ಮಾಡಿದ್ರು?"

"ತಪ್ಪೇನಿಲ್ಲವಾ. ಆ ಕುಲದಾಗ ಹುಟ್ಟಿದ್ರು."

ಅವ್ವನ ಬೆರಳು ಒಂದು ಗಳಿಗೆ ನಿಂತಿತು. ಮತ್ತೆ ನಡೆಯಿತು.

ಹಾನಾಳದು ಬಟ್ಟೆ ಗಿರಣಿಗಳ ಊರು. ಅಪ್ಪ ಮೊದಲ ಚಳಿಗಾಲದಲ್ಲೇ ಹಸಿವಿನಿಂದ ತೀರಿಕೊಂಡ. ಅವ್ವ, ಹಾನಾ, ಅವಳ ಆರು ವರ್ಷದ ತಮ್ಮ ಉಳಿದರು. ಬೇಲಿಯೊಳಗಿನ ಕಾರಖಾನೆಯಲ್ಲಿ ಜರ್ಮನ್ ಸೈನಿಕರಿಗೆ ಅಂಗಿ ಹೊಲಿಯುವವರಿಗೆ ಮಾತ್ರ ನೀರುನೀರಾದ ಗಂಜಿ ಸಿಗುತ್ತಿತ್ತು. ಹಾನಾ ಇನ್ನೂ ಹನ್ನೆರಡರ ಹುಡುಗಿ. ಪಕ್ಕದ ಹೊಲಿಗೆ ಯಂತ್ರದ ಗೀಟೆಲ್ ಎಂಬ ಹೆಂಗಸು ಅವಳಿಗೆ ಅಂಗಿಯ ಗುಂಡಿಗೆ ಕಾಜ ಹೊಲಿಯುವುದನ್ನು ಕಲಿಸಿ, ಮೇಲ್ವಿಚಾರಕ ಬಂದಾಗ ಚಿಂದಿ ಬಟ್ಟೆಯ ಗಂಟಿನ ಮೇಲೆ ನಿಲ್ಲಿಸಿ, ದೊಡ್ಡ ಹುಡುಗಿಯೆಂದು ನಂಬಿಸಿದ್ದಳು.

ಒಂದು ದಿನ ಅಪ್ಪಣೆ ಬಂತು. ಕೆಲಸಕ್ಕೆ ಬಾರದ ಮುದುಕರು, ರೋಗಿಗಳು, ಸಣ್ಣ ಮಕ್ಕಳು ಎಲ್ಲರನ್ನೂ ಒಪ್ಪಿಸಬೇಕು. ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಸೀಟಿ. ಕೆಲವರು ಬಲಕ್ಕೆ, ಕೆಲವರು ಎಡಕ್ಕೆ. ಹಾನಾ ಮತ್ತು ಅವಳ ಅವ್ವ ಬಲಕ್ಕೆ, ತಮ್ಮ ಎಡಕ್ಕೆ. ಎಡಗಡೆಯವರನ್ನು ಬಂಡಿಗೆ ಹತ್ತಿಸುತ್ತಿದ್ದರು. ಆಗ ಅವಳ ಅವ್ವ, ಬದುಕಲು ಪರವಾನಗಿ ಇದ್ದವಳು, ಹಾನಾಳ ಕೈಯನ್ನು ಗೀಟೆಲ್‌ಳ ಕೈಯಲ್ಲಿಟ್ಟು, "ನಾಳೆ ಕೆಲಸಕ್ಕೆ ತಡ ಮಾಡಬೇಡ" ಎಂದಷ್ಟೇ ಹೇಳಿ, ಸಾಲು ದಾಟಿ ಹೋಗಿ ಮಗನ ಪಕ್ಕದಲ್ಲಿ ಬಂಡಿ ಹತ್ತಿದಳು. ತಿರುಗಿ ನೋಡಲಿಲ್ಲ. ಬಂಡಿಯಲ್ಲಿ ಹೋದವರು ಯಾರೂ ಮರಳಲಿಲ್ಲ. ಅವರನ್ನು ವಿಷದ ಹೊಗೆಯಲ್ಲಿ ಕೊಂದರೆಂದು ಯುದ್ಧ ಮುಗಿದ ಮೇಲೆ ತಿಳಿಯಿತು. ಯಾವ ದಿನವೆಂದು ಯಾರೂ ಹೇಳಲಾರದೆ ಹೋದರು.

ಮುಂದೆ ಆ ಕೇರಿಯನ್ನೂ ಬರಿದು ಮಾಡಿ, ಉಳಿದವರನ್ನು ದನ ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಸೆರೆಶಿಬಿರಕ್ಕೆ ಒಯ್ದರು. ತಲೆ ಬೋಳಿಸಿದರು. ಅಲ್ಲಿಯೂ ಸಾಲು, ಅಲ್ಲಿಯೂ ಬಲ ಎಡ. "ಇವಳು ನನ್ನ ಮಗಳು, ಹೊಲಿಗೆಯವಳು" ಎಂದು ಗೀಟೆಲ್ ಕೂಗಿ ಹೇಳಿ ಅವಳನ್ನು ತನ್ನ ಕಡೆಗೆ ಎಳೆದುಕೊಂಡಳು. ಚಳಿಗಾಲ ದಾಟಿತು. ಶಿಬಿರದ ಬಾಗಿಲು ತೆರೆದು ಸೈನಿಕರು ಒಳಗೆ ಬಂದು, ಬದುಕಿದಿರಿ ಎಂದರು. ಆ ಮಾತು ಕೇಳಿದ ಕೆಲವೇ ವಾರಗಳಲ್ಲಿ ಗೀಟೆಲ್ ವಿಷಮಜ್ವರದಿಂದ ತೀರಿಕೊಂಡಳು. ಹಾನಾಳನ್ನು ಹಡಗಿನಲ್ಲಿ ಸ್ವೀಡನ್ನಿಗೆ ಕಳಿಸಿದರು.

ಇಷ್ಟು ಹೇಳಿ ಹಾನಾ ನನ್ನನ್ನು ನೋಡದೆ, ನೂಲನ್ನು ನೋಡುತ್ತ, "ಇದನ್ನು ನಾನು ಯಾರಿಗೂ ಹೇಳಿಲ್ಲ, ಗಂಡನಿಗೂ ಮಕ್ಕಳಿಗೂ ಹೇಳಿಲ್ಲ" ಎಂದಳು. "ಕೊಂದವರ ಮೇಲೆ ನನಗೆ ದ್ವೇಷವಿದೆ, ಅದರ ಜೊತೆ ಬದುಕುವುದನ್ನು ಕಲಿತಿದ್ದೇನೆ. ಆದರೆ ಅವ್ವನ ಮೇಲಿನ ಸಿಟ್ಟು ಹೋಗಿಲ್ಲ. ಅವಳು ಅವನನ್ನು ಆರಿಸಿಕೊಂಡಳು. ನನ್ನನ್ನು ಬಿಟ್ಟಳು. ನನಗೂ ಹನ್ನೆರಡೇ ವರ್ಷ."

ನಾನು ಇದನ್ನು ಅವ್ವನಿಗೆ ಹೇಗೋ ಹೇಳಿದೆ. ಅವ್ವ ತಲೆ ಎತ್ತಲಿಲ್ಲ. ಕೊಂಡಿ ಹಾಕುತ್ತಲೇ, ನನಗೂ ಅಲ್ಲ, ಆಕೆಗೂ ಅಲ್ಲ, ತನಗೆ ತಾನೇ ಅಂದುಕೊಂಡಂತೆ, "ಈಕಿ ಕೈಯಾಗ ಕೆಲಸ ಇತ್ತು. ಆ ಕೂಸಿನ ಕೈಯಾಗ ಏನಿತ್ತು? ಅದಕ್ಕ ತಾಯಿ ತನ್ನ ಕೈ ಕೊಟ್ಲು" ಎಂದಳು.

"ಏನೆಂದಳು?" ಎಂದು ಹಾನಾ ಕೇಳಿದಳು.

ಹೇಳಲೋ ಬೇಡವೋ ಎಂದು ನಾನು ತಡವರಿಸಿದೆ. ಅಷ್ಟು ವರ್ಷ ಹೊತ್ತ ನೋವಿಗೆ, ಅಂಥದೇನನ್ನೂ ಕಾಣದ ನಾವು ಏನಾದರೂ ಹೇಳಬಹುದೇ? ಅದು ಗಾಯಕ್ಕೆ ಉಪ್ಪಾದರೆ? ಹಾನಾ ಮತ್ತೊಮ್ಮೆ ಕೇಳಿದಳು. ಹೇಳಿದೆ. ಇಂಗ್ಲಿಷಿನಲ್ಲಿ ಅದು ಇನ್ನೂ ಚಿಕ್ಕದಾಯಿತು. ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ. ಆಕೆ ಅಳಲಿಲ್ಲ. ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೇರೆ ಯಾರದೋ ಕೈಗಳೇನೋ ಎಂಬಂತೆ ಬಹಳ ಹೊತ್ತು ನೋಡಿದಳು. ಆಮೇಲೆ ಕುಡಿಯಲು ನೀರು ಕೇಳಿದಳು.

ನೀರು ಕುಡಿದಾದ ಮೇಲೆ ಅವ್ವ ಕೇಳಿದಳು: "ನಿಮ್ಮವ್ವನ ಹೆಸರೇನವಾ?"

"ರಾಹೇಲ್."

ಹಾನಾಳನ್ನು ಒಂದೇ ವಾರದಲ್ಲಿ ಚನ್ನವ್ವ ಮಾಡಿದ ನಮ್ಮವ್ವ, ಈ ಹೆಸರನ್ನು ಮಾತ್ರ ಕೆಡಿಸಲಿಲ್ಲ. ರಾಯಲ್ಲ ಎಂದಳು, ಅಲ್ಲವೆಂದು ತಾನೇ ತಲೆಯಾಡಿಸಿದಳು. ರಾಹಿಲ ಎಂದಳು. ಮತ್ತೆ ಕೇಳಿದಳು. ಸಂಜೆಯವರೆಗೆ ರೊಟ್ಟಿ ಬಡಿಯುತ್ತ, ಹಿಟ್ಟು ಕಲಸುತ್ತ, ಬಾಯಲ್ಲೇ ತಿದ್ದಿಕೊಂಡು, ಊಟಕ್ಕೆ ಬಡಿಸುವಾಗ "ರಾಹೇಲ್" ಎಂದು ಸರಿಯಾಗಿ ಹೇಳಿ ಹಾನಾಳ ಮುಖ ನೋಡಿದಳು. ಹಾನಾ ಆಗ ಅತ್ತಳು.

ನಡುವೆ ಒಂದು ಸಣ್ಣ ಸಂಗತಿ ಹೇಳಿಬಿಡುತ್ತೇನೆ. ಊರ ಹೊರಗಿನ ಕೇರಿಯಿಂದ ಯಲ್ಲವ್ವ ಎಂಬಾಕೆ ನಮ್ಮ ಹಿತ್ತಿಲು ಗುಡಿಸಲು ಬರುತ್ತಿದ್ದಳು. ಅವಳಿಗೆ ಚಹಾ ಹೊರಗಿನ ಕಟ್ಟೆಯ ಮೇಲೆ, ಗೋಡೆಯ ಗೂಡಿನಲ್ಲಿ ಬೇರೆಯಾಗಿಟ್ಟ ಕಪ್ಪಿನಲ್ಲಿ. ನಾನು ಹುಟ್ಟಿದಾಗಿನಿಂದ ಹಾಗೇ ಇತ್ತು. ಹಾಗಿದೆ ಎಂಬುದೇ ಕಣ್ಣಿಗೆ ಬಿದ್ದಿರಲಿಲ್ಲ. ಆ ಮಾತುಕತೆಯಾದ ಮರುವಾರ ಅವ್ವ ಅವಳನ್ನು ಒಳಗೆ ಕರೆದು, ನಾವು ಕುಡಿಯುವ ಕಪ್ಪಿನಲ್ಲಿ ಚಹಾ ಸುರಿದು ಮುಂದಿಟ್ಟಳು. "ಬ್ಯಾಡ್ರಿ ಯವ್ವಾ, ಯಾರರೆ ನೋಡ್ಯಾರು" ಎಂದು ಯಲ್ಲವ್ವ ಹಿಂಜರಿದಳು. "ನೋಡ್ಲಿ ಬಿಡು. ಆರತೈತಿ, ಕುಡಿ" ಎಂದಳು ಅವ್ವ. ಯಾರಿಗೂ ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಬಾಯಿಂದ ಬಂದ ಆ ಒಂದು ಅರೆಬರೆ ಅನುವಾದ ಅವಳನ್ನು ಚುಚ್ಚಿತ್ತೆಂದು ನನಗೆ ಗೊತ್ತಿತ್ತು.

ಮಳೆಗಾಲ ಮುಗಿಯುತ್ತ ಬಂತು. ಮಾನಮಿ ಅಮಾವಾಸ್ಯೆ ಹತ್ತಿರವಾಯಿತು. ಆ ದಿನ ನಮ್ಮಲ್ಲಿ ಮನೆಯ ತೀರಿಹೋದ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಎಡೆ ಹಿಡಿಯುತ್ತಾರೆ. ಗೋಡೆಗೆ ಸುಣ್ಣ ಬಳಿಯುತ್ತಿದ್ದ ನಮ್ಮನ್ನು ನೋಡಿ ಹಾನಾ ಏನೆಂದು ಕೇಳಿದಳು. ಹೇಳಿದೆ. ಸತ್ತ ದಿನ ಗೊತ್ತಿಲ್ಲದವರಿಗೆ ಏನು ಮಾಡುತ್ತೀರಿ ಎಂದಳು. ನನಗೆ ಗೊತ್ತಿರಲಿಲ್ಲ, ಅವ್ವನನ್ನು ಕೇಳಿದೆ.

"ಅಂಥವರ ಸಲುವಾಗೇ ಈ ಅಮಾಸಿ ಐತಲ್ಲಬೇ" ಎಂದಳು ಅವ್ವ. "ದಿನ ಗೊತ್ತಿದ್ದವರಿಗೆ ಅವರ ದಿನ. ಗೊತ್ತಿಲ್ಲದವರಿಗೆಲ್ಲಾ ಇವತ್ತು."

ಅಪ್ಪನಿಗೆ ಒಂದು ಅಳುಕಿತ್ತು. "ಅವರ ಧರ್ಮ ಬ್ಯಾರೆ ಐತಿ. ನಾವು ಕರದು ಆಕಿಗೆ ಸಂಕಟ ಆಗಬಾರದು. ಮೊದಲ ಕೇಳ್ರಿ" ಎಂದ. ಕೇಳಿದೆವು. ತಮ್ಮಲ್ಲಿಯೂ ಸತ್ತವರಿಗೆ ದೀಪ ಹಚ್ಚುತ್ತಾರೆ, ಆದರೆ ವರ್ಷದಲ್ಲಿ ಅವರು ಸತ್ತ ದಿನ ಬಂದಾಗ. ಆ ದಿನವೇ ತಿಳಿಯದ್ದರಿಂದ ತಾನು ಎಂದೂ ಹಚ್ಚಿಲ್ಲ ಎಂದಳು ಹಾನಾ. "ಹಂಗಾದ್ರ ದೀಪ ಹಚ್ಚಲಿ. ಅವರ ಪದ್ಧತಿ ಹೆಂಗೈತಿ ಹಂಗ" ಎಂದು ಅಪ್ಪ ಎದ್ದು ಮಗ್ಗದ ಕಡೆಗೆ ಹೋದ. ಹಾನಾ ಮೊದಲ ಸಲ ಪೂರ್ತಿಯಾಗಿ ಕೊಂಡಿ ಹಾಕಿದ ಸೀರೆ ಆ ವಾರವಷ್ಟೇ ಮಗ್ಗದಿಂದ ಇಳಿದಿತ್ತು. ಸೆರಗು ಸೇರಿದ ಕಡೆ ಗೆರೆ ಹಾವಿನಂತೆ ಹೊರಳಿತ್ತು, ಪೇಟೆಯವರು ಮುಟ್ಟುತ್ತಿರಲಿಲ್ಲ. ಅಪ್ಪ ಅದನ್ನು ನೀಟಾಗಿ ಮಡಿಚಿ ಆಕೆಯ ಕೈಗೆ ಕೊಟ್ಟು, "ಇದು ಪ್ಯಾಟಿಗೆ ಹೋಗೂದಲ್ಲ. ನಿಮ್ಮವ್ವಗ ಇಡ್ರಿ" ಎಂದ.

ಅಮಾವಾಸ್ಯೆಯ ದಿನ ಹಿರಿಯರ ಬಟ್ಟೆಗಳ ಸಾಲಿನಲ್ಲಿ ನಮ್ಮ ಅಜ್ಜಿಯ ಸೀರೆಯ ಪಕ್ಕದಲ್ಲಿ ರಾಹೇಲಳ ಸೀರೆ ಕೂತಿತು. ಕಿಟಕಿಯ ಪಕ್ಕದ ಗೋಡೆಯ ಮಾಡದಲ್ಲಿ ಹಾನಾ ದೀಪ ಹಚ್ಚಿದಳು. ತಲೆಯ ಮೇಲೆ ಸೆರಗಿನಂತೆ ಒಂದು ವಸ್ತ್ರ ಹೊದ್ದುಕೊಂಡು, ಕಣ್ಣುಮುಚ್ಚಿ, ತನ್ನ ಜನರ ಭಾಷೆಯಲ್ಲಿ ಪ್ರಾರ್ಥನೆ ಹೇಳಿದಳು. ನಡುವೆ ಒಮ್ಮೆ ಮರೆತಳು, ನಿಂತಳು, ಮತ್ತೆ ನೆನಪಾಯಿತು. ಆಮೇಲೆ ಮೂರು ಹೆಸರು ಹೇಳಿದಳು. ರಾಹೇಲ್. ಯೋಸೆಫ್, ಅದು ತಮ್ಮನದು. ಗೀಟೆಲ್. ಪ್ರಾರ್ಥನೆಯ ಅರ್ಥವೇನೆಂದು ನಾನು ಆಮೇಲೆ ಕೇಳಿದೆ. ಸಾವಿನ ಮಾತೇ ಅದರಲ್ಲಿಲ್ಲ, ಬರೀ ದೇವರ ಹೊಗಳಿಕೆ ಎಂದಳು. "ಇಷ್ಟು ವರ್ಷ ನನಗೆ ಅದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ಇವತ್ತು ಅವ್ವನಿಗೆ ಕೃತಜ್ಞತೆ ಹೇಳುವುದಿತ್ತು, ಅದಕ್ಕೆ ಬಂತು."

ಊಟಕ್ಕೆ ಹೋಳಿಗೆಯಿತ್ತು. ಮೂರು ತಿಂದಳು. ಅವ್ವ ನಾಲ್ಕನೆಯದನ್ನು ಕೇಳದೆ ಹಾಕಿದಳು.

ಹೊರಡುವ ದಿನ, ಧನ್ಯವಾದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂದು ನನ್ನನ್ನು ಕೇಳಿ ಕಲಿತು, ಬಸ್ ನಿಲ್ದಾಣದಲ್ಲಿ ಅವ್ವನ ಮುಂದೆ ನಿಂತು "ಧನ್ಯವಾದಗಳು" ಎಂದಳು. ಅವ್ವ ಬಿದ್ದು ಬಿದ್ದು ನಕ್ಕಳು. "ಇದೇನಬೇ, ಭಾಷಣ ಮುಗಿಸಿದಂಗ! ಹೋಗಿ ಬರ್ತೇನಿ ಅನ್ನು, ಸಾಕು." ಹಾನಾ ಅಕ್ಷರ ಬಿಡಿಸಿ ಬಿಡಿಸಿ, "ಹೋಗಿ ಬರ್ತೇನಿ, ಅವ್ವಾ" ಎಂದಳು. ಮತ್ತೆ ಬರಲಾಗಲಿಲ್ಲ. ಹೊಸ ವರ್ಷಕ್ಕೊಂದು ಕಾರ್ಡು ಬರುತ್ತಿತ್ತು, ನಾನೊಂದು ಕಳಿಸುತ್ತಿದ್ದೆ. ಅವ್ವ ತೀರಿಕೊಂಡಾಗ ಬರೆದು ತಿಳಿಸಿದೆ. ಆಮೇಲೆ ಕಾರ್ಡುಗಳೂ ವಿರಳವಾದವು.

ಇದನ್ನೆಲ್ಲ ಈಗ ಬರೆಯಲು ಕೂತದ್ದಕ್ಕೆ ಇನ್ನೊಂದು ಕಾರಣವಿದೆ. ಕುಬಸ ಮುಗಿದ ಮೇಲೆ, ಒಂದು ಬೆಳಿಗ್ಗೆ ನನಗೆ ಹೊರದೇಶದ ಫೋನ್ ಬಂತು. ಹಾನಾಳ ಮಗಳು, ತಾಯಿ ಎತ್ತಿಟ್ಟಿದ್ದ ನನ್ನ ಕಾರ್ಡೊಂದರಲ್ಲಿ ನಂಬರು ಸಿಕ್ಕಿತ್ತಂತೆ. ತಾಯಿ ಈ ವರ್ಷ ತೀರಿಕೊಂಡಳು, ತೊಂಬತ್ತು ದಾಟಿದ್ದಳು, ನೆಮ್ಮದಿಯಿಂದ ಹೋದಳು ಎಂದಳು. ಆಮೇಲೆ ಆಕೆ ಕೇಳಿದಳು: "ಅಮ್ಮ ಪ್ರತಿ ವರ್ಷ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಒಂದು ದೀಪ ಹಚ್ಚಿ ಹೆಸರುಗಳನ್ನು ಹೇಳುತ್ತಿದ್ದಳು. ಅಜ್ಜಿಯದು, ಮಾಮನದು, ಗೀಟೆಲ್‌ಳದು ಯಾರವೆಂದು ಅಮ್ಮ ಕೊನೆಗೊಮ್ಮೆ ಹೇಳಿದ್ದಳು, ನಮಗೆ ಗೊತ್ತು. ಬಹಳ ವರ್ಷಗಳಿಂದ ಇನ್ನೊಂದು ಹೆಸರೂ ಸೇರಿತ್ತು. ಯಾರೆಂದು ಕೇಳಿದರೆ 'ನನ್ನ ಅವ್ವನ ಗೆಳತಿ' ಎನ್ನುತ್ತಿದ್ದಳು. ಘೆಟ್ಟೊದಲ್ಲಿ ಇದ್ದವಳಿರಬೇಕು ಎಂದುಕೊಂಡಿದ್ದೆವು. ಎಲ್ಲ ಪಟ್ಟಿಗಳಲ್ಲೂ ಹುಡುಕಿದೆವು, ಸಿಗಲಿಲ್ಲ. ನೀಲವ್ವ ಎಂದರೆ ಯಾರೆಂದು ನಿಮಗೇನಾದರೂ ಗೊತ್ತೇ?"

ನೀಲವ್ವ ಎಂದು ನಮ್ಮವ್ವನನ್ನು ನಮ್ಮ ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಅಪ್ಪನಿಗೆ ಅವಳು "ಏ ಇಕಿನ", ನಮಗೆ ಅವ್ವ, ಓಣಿಗೆ ನನ್ನ ಅಣ್ಣನ ಅವ್ವ. ಹೆಸರಿಟ್ಟವರೂ ಹೆಸರು ಹಿಡಿದು ಕೂಗಿದವರೂ ಅವಳಿಗಿಂತ ಮೊದಲೇ ಹೋಗಿದ್ದರು. ನಾನಂತೂ ಆ ಹೆಸರನ್ನು ಬಾಯಿ ಬಿಟ್ಟು ಎಂದೂ ಹೇಳಿದವಳಲ್ಲ, ಅವ್ವ ಹೋದಾಗ ಹಾನಾಳಿಗೆ ಹಾಕಿದ ಕಾಗದದಲ್ಲಿ ಒಮ್ಮೆ ಬರೆದಿದ್ದೆ, ಅಷ್ಟೇ. ಅದನ್ನು ಹಿಮ ಬೀಳುವ ದೇಶದಲ್ಲಿ, ನಾವ್ಯಾರೂ ಕಾಣದ ಮನೆಯೊಂದರಲ್ಲಿ, ವರ್ಷ ವರ್ಷವೂ ಒಬ್ಬಳು ದೀಪದ ಮುಂದೆ ಹೇಳುತ್ತಿದ್ದಳು.

"ನೀಲವ್ವ ನನ್ನ ಅವ್ವ" ಎಂದೆ. "ನಿಮ್ಮ ಅಜ್ಜಿಯನ್ನು ಆಕೆ ನೋಡಿರಲಿಲ್ಲ. ಆದರೂ ಗೆಳತಿ ಎಂಬುದು ಸುಳ್ಳಲ್ಲ."

"ಅವರ ಬಗ್ಗೆ ಹೇಳುತ್ತೀರಾ?" ಎಂದಳು ಆಕೆ.

"ನಿಮಗೆ ಬಿಡುವಿದೆಯೇ?"

"ಇದೆ."

ಒಲೆಯ ಮೇಲಿನ ಹಾಲನ್ನು ಇಳಿಸಿ ಬಂದೆ. ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಕೂತು, ತುಕ್ಕು ಹಿಡಿದ ನನ್ನ ಇಂಗ್ಲಿಷಿನಲ್ಲಿ, ಅವ್ವನ ಕಥೆಯನ್ನು ಅವಳು ಹುಟ್ಟಿದ ಊರಿನಿಂದ ಹೇಳತೊಡಗಿದೆ.